ಇಂಪ್ಲಾಂಟ್ ಸುತ್ತ ಮೂಳೆ 2 ಮಿ.ಮೀ. ಇಳಿದಿದೆ ಅಂದರು, ತೆಗೆಸಬೇಕಾ?

ಪ್ರಶ್ನೆ: ನನಗೆ 56 ವರ್ಷ. ಹೊಳಲ್ಕೆರೆ ಹತ್ತಿರ ಅಡಿಕೆ ತೋಟ ಇದೆ. ಏಳು ವರ್ಷದ ಹಿಂದೆ ದಾವಣಗೆರೆಯಲ್ಲಿ ಕೆಳಗಿನ ಬಲಗಡೆ ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ (ಮೂಳೆಗೆ ಟೈಟಾನಿಯಂ ಲೋಹದ ಸ್ಕ್ರೂ ಕೂರಿಸಿ, ಮೇಲೆ ಹಲ್ಲಿನ ಕ್ಯಾಪ್ ಹಾಕೋದು) ಹಾಕಿಸಿದೆ. ಇಲ್ಲಿವರೆಗೆ ನೋವಿಲ್ಲ, ಅಲ್ಲಾಡೋದಿಲ್ಲ. ಹೋದ ತಿಂಗಳು ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಬೇರೆ ಹಲ್ಲಿಗೆ ಅಂತ ಒಪಿಜಿ (ಇಡೀ ಬಾಯಿಯ ಎಕ್ಸ್‌ರೇ) ತೆಗೆಸಿದೆವು. ಅದನ್ನು ನೋಡಿ ಅಲ್ಲಿಯ ಡಾಕ್ಟರು ‘ಸ್ಕ್ರೂ ಸುತ್ತ ಮೂಳೆ 2 ಮಿ.ಮೀ. ಹೋಗಿದೆ, ತೆಗೆದು ಹೊಸದು ಹಾಕೋಣ’ ಅಂದರು. ಒಂದೆರಡು ವರ್ಷದಿಂದ ಆ ಹಲ್ಲಿನ ಮುಂದಿನ ಸಂದಿಯಲ್ಲಿ ಊಟ ಸಿಕ್ಕಿಹಾಕಿಕೊಳ್ಳುತ್ತೆ, ಮಂಡಕ್ಕಿ ತಿಂದ ದಿನವಂತೂ ಕಡ್ಡಿ ಹಾಕದೆ ಆಗಲ್ಲ. ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೋತೀನಿ. ಎಲೆ ಅಡಿಕೆ ಅಭ್ಯಾಸ ಇದೆ. ನನ್ನ ಮನೆಯವಳಿಗೂ ಇಂಪ್ಲಾಂಟ್ ಹಾಕಿಸೋ ಯೋಚನೆ ಇತ್ತು. ಅವಳು ಮೂಳೆ ಸವೆತಕ್ಕೆ ವರ್ಷಕ್ಕೊಂದು ಡ್ರಿಪ್ ಹಾಕಿಸಿಕೊಳ್ಳುತ್ತಾಳೆ. ಏನು ಮಾಡಲಿ?

ಉತ್ತರ: ನೇರವಾಗಿ ಹೇಳ್ತೀನಿ. ಈಗಲೇ ತೆಗೆಸಬೇಡಿ.

ನೋವಿಲ್ಲವಲ್ಲ ಅಂತ ಈ ಮಾತು ಹೇಳುತ್ತಿಲ್ಲ. ಇಂಪ್ಲಾಂಟ್ ವಿಷಯದಲ್ಲಿ ನೋವಿಲ್ಲದಿರುವುದು ದೊಡ್ಡ ಸಾಕ್ಷಿಯೇನೂ ಅಲ್ಲ. ಅಲ್ಲಾಡದಿರುವುದೂ ಅಷ್ಟೇ. ಮೇಲಿನ ಅರ್ಧ ಮೂಳೆ ಹೋಗಿದ್ದರೂ ಕೆಳಗಿನ ಅರ್ಧ ಹಿಡಿದುಕೊಂಡಿದ್ದರೆ ಸ್ಕ್ರೂ ಬಂಡೆಯ ಹಾಗೆ ನಿಂತಿರುತ್ತೆ. ನಾನು ಬೇಡ ಅನ್ನುತ್ತಿರುವುದು ಬೇರೆ ಕಾರಣಕ್ಕೆ. ಒಂದೇ ಒಂದು ಎಕ್ಸ್‌ರೇ, ಅದರಲ್ಲೂ ಒಪಿಜಿ ನೋಡಿ ಈ ತೀರ್ಮಾನಕ್ಕೆ ಬರೋಕೆ ಆಗುವುದಿಲ್ಲ. ‘2 ಮಿ.ಮೀ. ಹೋಗಿದೆ’ ಅಂದರಲ್ಲ, ಎಲ್ಲಿಂದ 2 ಮಿ.ಮೀ.? ಯಾವಾಗಿನಿಂದ? ಈ ಎರಡು ಪ್ರಶ್ನೆ ಕೇಳಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತೆ.

ನಿಮ್ಮ ತೋಟದ ಬೇಲಿಗೆ ಕಲ್ಲುಕಂಬ ನೆಡಿಸಿರುತ್ತೀರಿ, ಅಲ್ವಾ? ಹಾರೆಯಲ್ಲಿ ಎಷ್ಟೇ ಕುಟ್ಟಿ ಮಣ್ಣು ಗಟ್ಟಿ ಮಾಡಿದರೂ ಮೊದಲ ಮಳೆಗಾಲಕ್ಕೆ ಬುಡದ ಮಣ್ಣು ಒಂದಿಷ್ಟು ಕೆಳಗೆ ಕೂರುತ್ತೆ. ಆಮೇಲೆ ವರ್ಷಗಟ್ಟಲೆ ಹಾಗೇ ಇರುತ್ತೆ. ಅದಕ್ಕೆ ಯಾರೂ ಕಂಬ ಕೀಳುವುದಿಲ್ಲ. ಆದರೆ ನಾಲ್ಕನೇ ವರ್ಷ, ಐದನೇ ವರ್ಷವೂ ಬುಡ ಇಳಿಯುತ್ತಲೇ ಇದ್ದರೆ ಎಲ್ಲೋ ನೀರು ಕೊರೆಯುತ್ತಿದೆ, ಇಲ್ಲಾ ಹೆಗ್ಗಣ ಬಿಲ ತೋಡಿದೆ ಅಂತ ಹೋಗಿ ನೋಡುತ್ತೀರಿ. ನಿಮ್ಮ ದವಡೆಯಲ್ಲಿ ಆಗಿರುವುದು ಮೊದಲ ಮಳೆಗಾಲದ ಕುಸಿತವೋ, ಹೆಗ್ಗಣದ ಕೆಲಸವೋ ಅನ್ನುವುದನ್ನು ಪತ್ತೆ ಮಾಡಬೇಕು.

ಮೊದಲ ಮಳೆಗಾಲದ ಕಥೆ ಹೇಳಿಬಿಡ್ತೀನಿ. ಟೈಟಾನಿಯಂ ಮೂಳೆಗೆ ಹೀಗೆ ಅಂಟಿಕೊಳ್ಳುತ್ತೆ ಅಂತ ಸ್ವೀಡನ್ನಿನ ಪರ್ ಇಂಗ್ವಾರ್ ಬ್ರೋನೆಮಾರ್ಕ್ ಅವರಿಗೆ ಗೊತ್ತಾಗಿದ್ದು 1952ರಲ್ಲಿ, ಅದೂ ಅಕಸ್ಮಾತ್. ಅವರು ನೋಡುತ್ತಿದ್ದದ್ದು ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಓಡುತ್ತೆ ಅಂತ. ಅದಕ್ಕೆ ಹಾಕಿದ್ದ ಟೈಟಾನಿಯಂ ತುಂಡನ್ನು ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ತನ್ನದೇ ಅನ್ನುವ ಹಾಗೆ ಹಿಡಿದುಕೊಂಡುಬಿಟ್ಟಿತ್ತು. ದುರ್ಗದ ಕೋಟೆಯಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂತ ಗೋಡೆ ನೋಡಿದ್ದೀರಲ್ಲ, ಹಾಗೆ. ನಡುವೆ ಅಂಟು ಇಲ್ಲ, ಪದರ ಇಲ್ಲ. 1965ರಲ್ಲಿ ಯೋಸ್ಟಾ ಲಾರ್ಸನ್ ಅನ್ನುವವರ ಕೆಳದವಡೆಗೆ ಅವರು ನಾಲ್ಕು ಇಂಪ್ಲಾಂಟ್ ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ನಲವತ್ತು ವರ್ಷಕ್ಕೂ ಜಾಸ್ತಿ.

ಹಾಗಂತ ಆ ನಲವತ್ತು ವರ್ಷ ಮೂಳೆ ಒಂದಿಷ್ಟೂ ಕದಲಲಿಲ್ಲ ಅಂದುಕೊಳ್ಳಬೇಡಿ. ಮೂಳೆ ಸಿಮೆಂಟ್ ಅಲ್ಲ, ಜೀವ ಇರುವ ವಸ್ತು. ಹಳೆಯದು ಕರಗುತ್ತೆ, ಹೊಸದು ಕಟ್ಟುತ್ತೆ, ಬದುಕಿರೋವರೆಗೂ ಇದೇ ಕೆಲಸ. 1981ರಲ್ಲಿ ಆ ಸ್ವೀಡನ್ ತಂಡ ತಮ್ಮ 15 ವರ್ಷದ ಲೆಕ್ಕ ಹೊರಗಿಟ್ಟಿತು. ಗಾಯ ಮಾಗುವ ಕಾಲ ಮತ್ತು ಮೊದಲ ವರ್ಷ ಸೇರಿ ಸರಾಸರಿ 1.5 ಮಿ.ಮೀ. ಇಳಿತ, ಆಮೇಲೆ ವರ್ಷಕ್ಕೆ ಸುಮಾರು 0.1 ಮಿ.ಮೀ. ಇದರ ಮೇಲೆ 1986ರಲ್ಲಿ ಒಂದು ಅಳತೆಗೋಲು ಬಂತು: ಮೊದಲ ವರ್ಷ ಬಿಟ್ಟು, ಆಮೇಲೆ ವರ್ಷಕ್ಕೆ 0.2 ಮಿ.ಮೀ.ಗಿಂತ ಕಡಿಮೆ ಇಳಿದರೆ ಇಂಪ್ಲಾಂಟ್ ಚೆನ್ನಾಗಿದೆ ಅಂತ. ಇವತ್ತಿನ ಒಳ್ಳೆಯ ಇಂಪ್ಲಾಂಟ್‌ಗಳಲ್ಲಿ ಮೊದಲ ವರ್ಷ ಅಷ್ಟೂ ಇಳಿಯುವುದಿಲ್ಲ. ಆದರೂ ಆ ಹಳೇ ಲೆಕ್ಕಕ್ಕೆ ನಿಮ್ಮನ್ನು ಕೂರಿಸಿ ನೋಡೋಣ. ಮೊದಲ ವರ್ಷಕ್ಕೆ ಒಂದೂವರೆ, ಆಮೇಲಿನ ಆರು ವರ್ಷಕ್ಕೆ 0.1ರಂತೆ 0.6. ಒಟ್ಟು 2.1. ನಿಮಗೆ ಹೇಳಿದ್ದು 2.

ಮೊದಲ ವರ್ಷ ಯಾಕೆ ಇಳಿಯುತ್ತೆ? ಡ್ರಿಲ್ ಮಾಡಿದಾಗ ಅಂಚಿನ ಮೂಳೆಗೆ ಪೆಟ್ಟು ಬಿದ್ದಿರುತ್ತೆ, ಅದು ಕರಗಿ ಹೊಸದು ಬರಬೇಕು. ಇನ್ನೊಂದು ಕಾರಣ ವಸಡು. ಬಾಯಿಯ ಕೊಳೆ ಮೂಳೆಗೆ ಇಳಿಯದ ಹಾಗೆ ಸ್ಕ್ರೂ ಕತ್ತಿನ ಸುತ್ತ ವಸಡಿನ ಒಂದು ಕಾಲರ್ ಬೇಕು, ಸುಮಾರು 3 ರಿಂದ 4 ಮಿ.ಮೀ. ಎತ್ತರದ್ದು. ನಿಮ್ಮ ವಸಡು ತೆಳ್ಳಗಿದ್ದರೆ ಅಷ್ಟು ಎತ್ತರ ಎಲ್ಲಿಂದ ತರೋದು? ಮೂಳೆಯೇ ಸ್ವಲ್ಪ ಕೆಳಗೆ ಸರಿದು ಜಾಗ ಮಾಡಿಕೊಡುತ್ತೆ. ಇದು ರೋಗ ಅಲ್ಲ, ದೇಹ ಮಾಡಿಕೊಳ್ಳುವ ಹೊಂದಾಣಿಕೆ.

ಈಗ ‘ಎಲ್ಲಿಂದ 2 ಮಿ.ಮೀ.’ ಅನ್ನುವುದಕ್ಕೆ ಬರ್ತೀನಿ. ಒಪಿಜಿ ಇಡೀ ಬಾಯಿಯನ್ನು ಒಂದೇ ಪಟದಲ್ಲಿ ತೋರಿಸುತ್ತೆ, ಅದಕ್ಕೇ ಎಲ್ಲರಿಗೂ ಇಷ್ಟ. ಆದರೆ ಅದು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತೆ, ಅಂಚುಗಳೂ ಮಸುಕು. ನಿಮ್ಮ ಸ್ಕ್ರೂ 10 ಮಿ.ಮೀ. ಉದ್ದದ್ದು ಅಂತಿಟ್ಟುಕೊಳ್ಳಿ. ಪಟದ ಮೇಲೆ ಸ್ಕೇಲ್ ಇಟ್ಟರೆ 12.5 ಬರಬಹುದು. ಅಂದರೆ ನಾಲ್ಕನೇ ಒಂದು ಭಾಗ ಜಾಸ್ತಿ. ಆ ಲೆಕ್ಕಕ್ಕೆ ನಿಮ್ಮ 2 ಮಿ.ಮೀ. ನಿಜವಾಗಿ 1.6. ಇನ್ನು ಸ್ಕ್ರೂವನ್ನು ಹಾಕುವಾಗಲೇ ಎಷ್ಟು ಆಳಕ್ಕೆ ಇಳಿಸಿದ್ದರು ಅನ್ನುವುದೂ ಮುಖ್ಯ. ಕೆಲವು ಕಂಪನಿಯ ಇಂಪ್ಲಾಂಟ್‌ಗಳಿಗೆ ಮೇಲೆ ನುಣುಪಾದ ಕತ್ತು ಇರುತ್ತೆ, ಅದು ಹಾಕಿದ ದಿನವೇ ಮೂಳೆಯಿಂದ ಹೊರಗಿರಬೇಕು. ಅದು ಗೊತ್ತಿಲ್ಲದೆ ತುದಿಯಿಂದ ಅಳೆದರೆ, ಎಂದೂ ಇಲ್ಲದ ಮೂಳೆ ಕಳೆದುಹೋದ ಲೆಕ್ಕ ಬರುತ್ತೆ.

ಆದ್ದರಿಂದ ಎರಡು ಕೆಲಸ ಮಾಡಿ. ಹಾಕಿದ ಕ್ಲಿನಿಕ್ಕಿಗೆ ಹೋಗಿ ಹಳೇ ಫೈಲ್ ಕೇಳಿ. ಕ್ಯಾಪ್ ಕೂರಿಸಿದ ದಿನದ ಎಕ್ಸ್‌ರೇ ಮತ್ತು ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್ ಬೇಕು. ಸ್ಟಿಕ್ಕರ್ ಮೇಲೆ ಕಂಪನಿ, ಉದ್ದ, ದಪ್ಪ ಎಲ್ಲಾ ಇರುತ್ತೆ. ಕೇಳೋಕೆ ಸಂಕೋಚ ಬೇಡ, ಅದು ನಿಮ್ಮದೇ ದಾಖಲೆ. ಆಮೇಲೆ ಆ ಹಲ್ಲಿಗೆ ಮಾತ್ರ ಒಂದು ಸಣ್ಣ ಎಕ್ಸ್‌ರೇ ತೆಗೆಸಿ, ನಾವು ಐಒಪಿಎ ಅಂತೀವಿ. ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ದಾವಣಗೆರೆಯಲ್ಲೇ ಎರಡು ಡೆಂಟಲ್ ಕಾಲೇಜಿವೆ, ಚಿತ್ರದುರ್ಗದಲ್ಲೂ ಒಂದಿದೆ. ಅಲ್ಲಿಯ ವಸಡು ವಿಭಾಗಕ್ಕೆ ಹೋಗಿ. ಎಕ್ಸ್‌ರೇ ನೇರವಾಗಿ ಬಿದ್ದಿದೆಯೋ ಇಲ್ಲವೋ ನೀವೇ ನೋಡಬಹುದು. ಸ್ಕ್ರೂವಿನ ಎರಡೂ ಬದಿ ಮರೆ, ಅಂದರೆ ಸ್ಕ್ರೂ ಮೈಮೇಲಿನ ಸುತ್ತುಗಳು, ಗರಗಸದ ಹಲ್ಲಿನ ಹಾಗೆ ಚೂಪಾಗಿ, ಬೇರೆಬೇರೆಯಾಗಿ ಕಂಡರೆ ಸರಿ ಬಿದ್ದಿದೆ. ಮಸುಕಾಗಿ ಒಂದರ ಮೇಲೊಂದು ಬಿದ್ದಂತಿದ್ದರೆ ಇನ್ನೊಮ್ಮೆ ತೆಗೆಯಿರಿ ಅನ್ನಿ. ಆ ಮರೆಗಳೇ ಒಳ್ಳೆಯ ಸ್ಕೇಲ್. ಮರೆಯಿಂದ ಮರೆಗೆ ಎಷ್ಟು ಅಂತರ ಅಂತ ಕಂಪನಿ ಹೇಳಿರುತ್ತೆ. 0.8 ಮಿ.ಮೀ. ಇದ್ದು ಮೂರು ಮರೆ ಮೂಳೆಯಿಂದ ಹೊರಗೆ ಕಂಡರೆ 2.4. ಹಳೇ ಎಕ್ಸ್‌ರೇಯಲ್ಲೂ ಹೊಸದರಲ್ಲೂ ಮರೆ ಎಣಿಸಿದರೆ ಮುಗಿಯಿತು. ಒಂದು ಮಿತಿ ಮಾತ್ರ ನೆನಪಿರಲಿ: ಈ ಪಟದಲ್ಲಿ ಹಿಂದಿನ ಬದಿ, ಮುಂದಿನ ಬದಿ ಕಾಣುತ್ತೆ. ಕೆನ್ನೆ ಕಡೆಯ ಮೂಳೆ, ನಾಲಿಗೆ ಕಡೆಯ ಮೂಳೆ ಸ್ಕ್ರೂವಿನ ನೆರಳಲ್ಲಿ ಮುಚ್ಚಿಹೋಗುತ್ತೆ. ಸಿಟಿ ಸ್ಕ್ಯಾನ್ ಮಾಡಿಸಿದರೆ ಎಲ್ಲಾ ಕಾಣುತ್ತಲ್ಲ ಅಂತ ಕೇಳುವವರಿದ್ದಾರೆ. ಲೋಹದ ಸುತ್ತ ಗೆರೆ ಗೆರೆ ಬಂದು ಸ್ಕ್ರೂ ಪಕ್ಕದಲ್ಲೇ ಪಟ ಕೆಡುತ್ತೆ, ಸುಮ್ನೆ ದುಡ್ಡು ಹಾಕಬೇಡಿ.

ಹಾಗಾಗಿ ಎಕ್ಸ್‌ರೇ ಒಂದೇ ಸಾಲದು. ವಸಡಿನ ತಜ್ಞರು ಗುರುತು ಹಾಕಿದ ತೆಳ್ಳನೆ ಕಡ್ಡಿಯನ್ನು ಸ್ಕ್ರೂ ಸುತ್ತ ವಸಡಿನೊಳಗೆ ಮೆಲ್ಲಗೆ ಇಳಿಸಿ ನೋಡಬೇಕು. ಒತ್ತಡ ಇರಬೇಕಾದ್ದು 25 ಗ್ರಾಂ ತೂಕ ಇಟ್ಟಷ್ಟು, ಜಾಸ್ತಿ ಅಲ್ಲ. ರಕ್ತ ಬರುತ್ತಾ? ಕೀವು ಬರುತ್ತಾ? ಕಡ್ಡಿ ಎಷ್ಟು ಆಳಕ್ಕೆ ಹೋಗುತ್ತೆ? 2017ರಲ್ಲಿ ಅಮೆರಿಕ, ಯುರೋಪಿನ ವಸಡು ತಜ್ಞರು ಷಿಕಾಗೋದಲ್ಲಿ ಕೂತು ಇದಕ್ಕೆ ಒಂದು ಸ್ಪಷ್ಟ ವಿಂಗಡಣೆ ಮಾಡಿದರು. ರಕ್ತ ಬರುತ್ತೆ ಆದರೆ ಮೂಳೆ ಹೊಸದಾಗಿ ಇಳಿದಿಲ್ಲ ಅಂದರೆ ಅದು ಬರೀ ವಸಡಿನ ಉರಿಯೂತ, ಮ್ಯೂಕೋಸೈಟಿಸ್. ಚೆನ್ನಾಗಿ ಕ್ಲೀನ್ ಮಾಡಿದರೆ ಹಿಂದಕ್ಕೆ ಹೋಗುತ್ತೆ. ರಕ್ತ ಅಥವಾ ಕೀವಿನ ಜೊತೆ ಕಡ್ಡಿಯೂ ಮೊದಲಿಗಿಂತ ಆಳಕ್ಕೆ ಹೋಗಿ, ಮೂಳೆಯೂ ಆ ಮೊದಲ ವರ್ಷದ ಇಳಿತವನ್ನು ದಾಟಿ ಇಳಿಯುತ್ತಿದ್ದರೆ ಪೆರಿ ಇಂಪ್ಲಾಂಟೈಟಿಸ್. ಅದೇ ನಮ್ಮ ಹೆಗ್ಗಣ. ಹಳೇ ಎಕ್ಸ್‌ರೇ ಸಿಗದಿದ್ದವರಿಗೂ ಅವರು ಒಂದು ಅಳತೆ ಕೊಟ್ಟಿದ್ದಾರೆ: ರಕ್ತ ಅಥವಾ ಕೀವು, ಕಡ್ಡಿ 6 ಮಿ.ಮೀ. ಅಥವಾ ಅದಕ್ಕಿಂತ ಆಳ, ಮೂಳೆ ಮಟ್ಟ 3 ಮಿ.ಮೀ. ಅಥವಾ ಅದಕ್ಕಿಂತ ಕೆಳಗೆ. ಮೂರೂ ಕೂಡಿದರೆ ರೋಗ ಅಂತ ಹಿಡಿಯಬೇಕು. ನಿಮ್ಮದು ಎಕ್ಸ್‌ರೇಯಲ್ಲೇ ಆ 3ನ್ನು ಮುಟ್ಟಿಲ್ಲ.

ಇಷ್ಟು ಓದಿ ಕೈ ಚೆಲ್ಲಿ ಕೂರಬೇಡಿ ಮತ್ತೆ. ಈ ರೋಗ ಒಂದೇ ವೇಗದಲ್ಲಿ ಹೋಗುವುದಲ್ಲ. ಹೋಗ್ತಾ ಹೋಗ್ತಾ ಜೋರಾಗುತ್ತೆ. ಹಲ್ಲಿಗಾದರೆ ಬೇರಿಗೂ ಮೂಳೆಗೂ ಮಧ್ಯೆ ನಾರಿನ ಪದರ ಇದೆ, ಅದರಲ್ಲಿ ರಕ್ತನಾಳ ಇದೆ, ವಸಡಿನ ನಾರುಗಳು ಹಲ್ಲಿಗೆ ಅಡ್ಡಡ್ಡ ಚುಚ್ಚಿಕೊಂಡು ಬಿಗಿಯಾಗಿ ಹಿಡಿದಿರುತ್ತವೆ. ಇಂಪ್ಲಾಂಟ್ ಸುತ್ತ ನಾರುಗಳು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತವೆ, ಒಳಗೆ ಚುಚ್ಚಿಕೊಳ್ಳಲು ಲೋಹ ಬಿಡುವುದಿಲ್ಲ. ಕೊಳೆ ಒಮ್ಮೆ ಒಳಗೆ ಇಳಿಯಿತೋ, ತಡೆಯುವ ಬೇಲಿ ಕಡಿಮೆ. ಎಕ್ಸ್‌ರೇಯಲ್ಲಿ ಮೂಳೆ ಸ್ಕ್ರೂ ಸುತ್ತ ಬಟ್ಟಲು ಕೊರೆದಂತೆ ಕಾಣುತ್ತೆ. ಐದು ವರ್ಷ ಏನೂ ಆಗದೆ ಆರನೇ ವರ್ಷದಲ್ಲಿ ಪೂರ್ತಿ 2 ಮಿ.ಮೀ. ಹೋಗಿದ್ದರೂ ಸರಾಸರಿ ಲೆಕ್ಕಕ್ಕೆ ಚೆನ್ನಾಗೇ ಕಾಣುತ್ತೆ! ಮೇಲೆ ನಾನು ಮಾಡಿದ 2.1ರ ಕೂಡಿಕೆಯ ಮೋಸ ಅಲ್ಲಿದೆ. ಅದಕ್ಕೇ ಹಳೇ ಪಟ ಬೇಕು ಅಂತ ಹಟ ಮಾಡುತ್ತಿರುವುದು.

ನನ್ನದೇ ಒಂದು ತಪ್ಪು ಹೇಳ್ತೀನಿ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ನಿವೃತ್ತ ಮೇಷ್ಟರಿಗೆ ಇಂಪ್ಲಾಂಟ್ ಮೇಲೆ ಸಿಮೆಂಟ್ ಹಚ್ಚಿ ಕ್ಯಾಪ್ ಕೂರಿಸಿದ್ದೆ. ಬಾಯಿ ಕನ್ನಡಿಯ ಹಾಗೆ ಇಟ್ಟುಕೊಳ್ಳುವ ಮನುಷ್ಯ. ಮೂರನೇ ವರ್ಷ ಬಂದು ‘ಬೆಳಗ್ಗೆ ಬಾಯಲ್ಲಿ ಏನೋ ರುಚಿ ಡಾಕ್ಟ್ರೇ’ ಅಂದರು. ವಸಡು ಬೆರಳಲ್ಲಿ ಒತ್ತಿದರೆ ಒಂದು ಹನಿ ಕೀವು. ಎಕ್ಸ್‌ರೇಯಲ್ಲಿ ಒಂದೇ ಬದಿ ಮೂಳೆ ಕೊರೆದಿತ್ತು. ಬ್ರಷ್ ಮಾಡ್ತಿಲ್ಲ ನೀವು ಅಂತ ಅವರನ್ನೇ ಬೈದೆ, ಈಗಲೂ ನಾಚಿಕೆಯಾಗುತ್ತೆ. ವಸಡು ಬಿಡಿಸಿ ನೋಡಿದರೆ ಜೋಳದ ನುಚ್ಚಿನಷ್ಟು ಗಾತ್ರದ ಸಿಮೆಂಟ್ ಸ್ಕ್ರೂವಿಗೆ ಅಂಟಿ ಕೂತಿದೆ. ನಾನೇ ಬಿಟ್ಟದ್ದು. ತೆಗೆದು ಕ್ಲೀನ್ ಮಾಡಿದ ಮೇಲೆ ಕೆಲವೇ ವಾರದಲ್ಲಿ ಕೀವು ನಿಂತಿತು. ಹೋದ ಮೂಳೆ ವಾಪಸ್ ಬರಲಿಲ್ಲ, ಆದರೆ ಅಲ್ಲಿಂದ ಮುಂದೆ ಇಳಿಯಲೂ ಇಲ್ಲ. ಅವತ್ತಿನಿಂದ ಆದಷ್ಟು ಮಟ್ಟಿಗೆ ಸ್ಕ್ರೂನಲ್ಲಿ ಬಿಗಿಯುವ ಕ್ಯಾಪ್ ಹಾಕ್ತೀನಿ. ನಿಮ್ಮ ಕ್ಯಾಪ್ ಸಿಮೆಂಟ್‌ನದೋ ಸ್ಕ್ರೂನದೋ ಕೇಳಿಕೊಳ್ಳಿ. ಕ್ಯಾಪಿನ ಮೇಲೆ ನಡುವೆ ಬಿಳಿ ಬೊಟ್ಟಿನಂಥ ಗುರುತು ಇದ್ದರೆ ಸ್ಕ್ರೂನದ್ದಿರಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಯೋಚನೆಗೆ ಹಚ್ಚಿದ್ದು ಆ 2 ಮಿ.ಮೀ.ಗಿಂತ ಊಟ ಸಿಕ್ಕಿಕೊಳ್ಳುವ ವಿಷಯ. ಮೊದಲು ಸಿಕ್ಕುತ್ತಿರಲಿಲ್ಲ, ಈಗ ಒಂದೆರಡು ವರ್ಷದಿಂದ ಅಂದಿರಿ. ಅದೂ ಮುಂದಿನ ಸಂದಿಯಲ್ಲಿ. ಇದು ದವಡೆಯ ಇನ್ನೊಂದು ನಿಧಾನದ ಬದಲಾವಣೆ, ಇದರ ಬಗ್ಗೆ ಹಾಕಿಸುವ ಮೊದಲು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನಮ್ಮ ಹಲ್ಲುಗಳು ಜೀವನಪೂರ್ತಿ ಒಂಚೂರು ಒಂಚೂರೇ ಮುಂದಕ್ಕೆ ಸರಿಯುತ್ತಿರುತ್ತವೆ. ನಾರಿನ ಪದರ ಇದೆ, ಮೂಳೆ ಮುಂದೆ ಕರಗಿ ಹಿಂದೆ ಕಟ್ಟಿ ದಾರಿ ಬಿಡುತ್ತೆ. ಇಂಪ್ಲಾಂಟ್‌ಗೆ ಆ ಪದರ ಇಲ್ಲ. ಅದು ಕಲ್ಲುಕಂಬ, ಹಾಕಿದಲ್ಲೇ ನಿಂತಿರುತ್ತೆ. ಮುಂದಿನ ಹಲ್ಲು ಸರಿದು ಹೋಗುತ್ತೆ, ಕಂಬ ಉಳಿಯುತ್ತೆ, ನಡುವೆ ಸಂದಿ ಬೀಳುತ್ತೆ. ಇಪ್ಪತ್ತರ ಹರೆಯದಲ್ಲಿ ಮೇಲ್ದವಡೆಯ ಎದುರಿನ ಹಲ್ಲಿಗೆ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಹತ್ತಿಪ್ಪತ್ತು ವರ್ಷದ ಮೇಲೆ ಪಕ್ಕದ ಹಲ್ಲುಗಳು ಕೆಳಗಿಳಿದು ಇಂಪ್ಲಾಂಟ್ ಹಲ್ಲು ಮಾತ್ರ ಮೇಲೆ ಉಳಿದಂತೆ ಕಾಣುವುದೂ ಇದೇ ಕಾರಣಕ್ಕೆ. ಹಾಕಿದವರ ತಪ್ಪಲ್ಲ ಅದು.

ತಪ್ಪಲ್ಲ ನಿಜ, ಆದರೆ ಸಂದಿಯನ್ನು ಹಾಗೇ ಬಿಡಬಾರದು. ದಿನಾ ಊಟ ತುರುಕಿಕೊಂಡು ಕೊಳೆಯುವ ಜಾಗದಲ್ಲೇ ವಸಡು ಊದುವುದು. ಕಡ್ಡಿ ಹಾಕಿ ಕೆದಕುವುದನ್ನು ನಿಲ್ಲಿಸಿ, ಹಲ್ಲುಸಂದಿಗೆ ಅಂತಲೇ ಬರುವ ಪುಟ್ಟ ಬ್ರಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ. ಬಿಗಿಯಾಗಿ ಹೋಗುವ ಸೈಜಿನದು ತಗೊಳ್ಳಿ, ರಾತ್ರಿ ಒಂದು ಸಲ ಆ ಸಂದಿಯಲ್ಲಿ ಹಿಂದೆ ಮುಂದೆ ಆಡಿಸಿ. ಆಮೇಲೆ ಡಾಕ್ಟರ ಹತ್ತಿರ ಸಂದಿ ಮುಚ್ಚಿಸಿಕೊಳ್ಳಿ. ಸ್ಕ್ರೂ ಕ್ಯಾಪ್ ಆದರೆ ಬಿಚ್ಚಿ, ಆ ಬದಿಗೆ ಸ್ವಲ್ಪ ಸೇರಿಸಿ ಮತ್ತೆ ಬಿಗಿಯಬಹುದು. ಬೆಂಗಳೂರಿನಲ್ಲಿ ಇಡೀ ಇಂಪ್ಲಾಂಟ್ ತೆಗೆಯೋಣ ಅಂದರಲ್ಲ, ನಿಮಗೆ ಬಹುಶಃ ಬೇಕಿರುವುದು ಇಷ್ಟೇ.

ಸಕ್ಕರೆ ಬಗ್ಗೆ ಜಾಸ್ತಿ ಹೇಳಲ್ಲ. ಮೂರು ತಿಂಗಳ ಲೆಕ್ಕ ಹೇಳುವ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ. ಅದು 7ರ ಆಸುಪಾಸಿನಲ್ಲಿದ್ದರೆ ನನಗೆ ಚಿಂತೆಯಿಲ್ಲ, 9–10 ಇದ್ದರೆ ವಸಡಿನ ಯಾವ ಗಾಯವೂ ಸರಿಯಾಗಿ ಮಾಗುವುದಿಲ್ಲ, ಮೊದಲು ಅದನ್ನು ಇಳಿಸಿ. ಎಲೆ ಅಡಿಕೆ ವಿಷಯ ಸ್ವಲ್ಪ ಉದ್ದ. ಅಡಿಕೆ ಬೆಳೆಯುವವರಿಗೆ ಅಡಿಕೆ ಬಿಡಿ ಅಂದರೆ ಬೇಜಾರಾಗುತ್ತೆ, ನನ್ನ ತವರಿನಲ್ಲೂ ತೋಟ ಇದೆ, ಗೊತ್ತು. ಆದರೂ ಅಡಿಕೆಯನ್ನು ಆ ಕಡೆಯಿಂದ ಕಡಿಯುತ್ತಿದ್ದರೆ ಕೂಡಲೇ ನಿಲ್ಲಿಸಿ. ಸ್ವಂತ ಹಲ್ಲಿಗೆ ಜಾಸ್ತಿ ಭಾರ ಬಿದ್ದರೆ ನಾರಿನ ಪದರ ‘ಸಾಕು’ ಅಂತ ತಕ್ಷಣ ಹೇಳುತ್ತೆ. ಇಂಪ್ಲಾಂಟ್‌ಗೆ ಆ ಅರಿವು ಕಡಿಮೆ, ಎಷ್ಟು ಜೋರಾಗಿ ಕಡಿಯುತ್ತಿದ್ದೀರಿ ಅಂತ ನಿಮಗೇ ಗೊತ್ತಾಗಲ್ಲ. ಪಿಂಗಾಣಿ ಸಿಡಿಯುತ್ತೆ, ಒಳಗಿನ ಸ್ಕ್ರೂ ಸಡಿಲ ಆಗುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಚರ್ಮ ಗಡುಸಾಗಿ ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ ಬರುತ್ತೆ. ಆಗ ಹಿಂದಿನ ಹಲ್ಲಿಗೆ ಬ್ರಷ್ ಹೋಗಲ್ಲ, ನಮ್ಮ ಸಲಕರಣೆಯೂ ಹೋಗಲ್ಲ. ಕನ್ನಡಿ ಮುಂದೆ ನಿಂತು ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹೋಗುತ್ತಾ ನೋಡಿ. ಹೋಗದಿದ್ದರೆ ಇಂಪ್ಲಾಂಟ್ ವಿಷಯ ಆಮೇಲೆ, ಮೊದಲು ಅದನ್ನು ತೋರಿಸಿ. ಎಲೆಗೆ ತಂಬಾಕು ಸೇರಿಸುತ್ತೀರೋ ಇಲ್ಲವೋ ನೀವು ಬರೆದಿಲ್ಲ. ಸೇರಿಸುತ್ತಿದ್ದರೆ ಅದನ್ನಂತೂ ಇವತ್ತೇ ಬಿಡಿ.

ಹಳೇ ಹಲ್ಲು ಯಾಕೆ ಹೋಯಿತು ಅನ್ನುವುದನ್ನೂ ನೆನಪು ಮಾಡಿಕೊಳ್ಳಿ. ಹುಳುಕಾಗಿಯೋ ಮುರಿದೋ ಹೋಗಿದ್ದರೆ ಒಂದು ಮಾತು. ವಸಡಿನ ರೋಗಕ್ಕೆ ಅಲ್ಲಾಡಿ ಬಿದ್ದಿದ್ದರೆ ಅದೇ ರೋಗ ಇಂಪ್ಲಾಂಟ್ ಸುತ್ತಲೂ ಬರುವ ಸಾಧ್ಯತೆ ಜಾಸ್ತಿ, ಅಂಥವರಿಗೆ ನಾನು ಮೂರು ನಾಲ್ಕು ತಿಂಗಳಿಗೊಮ್ಮೆ ಬನ್ನಿ ಅಂತೀನಿ. ಉಳಿದವರಿಗೆ ಆರು ತಿಂಗಳು ಸಾಕು.

ನಾಳೆ ನೋಡಿದಾಗ ನಿಜವಾಗಿಯೂ ಪೆರಿ ಇಂಪ್ಲಾಂಟೈಟಿಸ್ ಅಂತಲೇ ಆದರೂ ನೇರವಾಗಿ ಕೀಳುವುದಲ್ಲ. ಮೊದಲು ಒಳಗಿನ ಕೊಳೆ ತೆಗೆದು ಕ್ಲೀನ್ ಮಾಡಿ ಕಾಯಬೇಕು. ಅದರಲ್ಲಿ ನಿಲ್ಲದಿದ್ದರೆ, ಎಷ್ಟೋ ಸಲ ನಿಲ್ಲುವುದಿಲ್ಲ, ವಸಡು ಬಿಡಿಸಿ ಸ್ಕ್ರೂ ಮೇಲ್ಮೈ ತೊಳೆಯಬೇಕು. ಬಟ್ಟಲಿನಂತೆ ಗೋಡೆ ಉಳಿದ ಗುಳಿಯಾದರೆ ಮೂಳೆ ಪುಡಿ ತುಂಬಿಸಿ ನೋಡಬಹುದು. ಸ್ಕ್ರೂವೇ ಅಲ್ಲಾಡಲು ಶುರುವಾದರೆ ಮಾತ್ರ ತೆಗೆಯದೆ ದಾರಿಯಿಲ್ಲ. ಬರೀ ಕ್ಯಾಪ್ ಅಲ್ಲಾಡಿದರೆ ಗಾಬರಿ ಬೇಡ, ಅದು ಒಳಗಿನ ಸಣ್ಣ ಸ್ಕ್ರೂ ಸಡಿಲ ಆದದ್ದಿರಬಹುದು, ಬಿಗಿ ಮಾಡಿದರೆ ಆಯಿತು. ಗಟ್ಟಿಯಾಗಿ ಕೂತ ಇಂಪ್ಲಾಂಟ್ ತೆಗೆಯುವಾಗ ಒಳ್ಳೆಯ ಮೂಳೆಯೂ ಅದರ ಜೊತೆ ಹೋಗಬಹುದು ಅನ್ನುವುದನ್ನು ಆ ಡಾಕ್ಟರಿಗೆ ಕೇಳಿ ನೋಡಿ, ಏನು ಹೇಳ್ತಾರೆ ಅಂತ.

ಇನ್ನು ನಿಮ್ಮ ಮನೆಯವರ ವಿಷಯ. ವರ್ಷಕ್ಕೊಂದು ಡ್ರಿಪ್ ಅಂದರೆ ಬಹುಶಃ ಜೊಲೆಡ್ರೋನಿಕ್ ಆಸಿಡ್. ಮೂಳೆ ಕರಗುವುದನ್ನು ತಡೆಯುವ ಔಷಧ. ಕರಗಿ ಕಟ್ಟುವ ಕೆಲಸವನ್ನೇ ನಿಧಾನ ಮಾಡುವುದರಿಂದ, ಹಲ್ಲು ಕಿತ್ತಾಗ ಅಥವಾ ಮೂಳೆಗೆ ಡ್ರಿಲ್ ಹಾಕಿದಾಗ ಅಪರೂಪಕ್ಕೆ ದವಡೆ ಗಾಯ ಮಾಗದೆ ಮೂಳೆ ಸಾಯುವುದುಂಟು. ಕ್ಯಾನ್ಸರ್ ರೋಗಿಗಳಿಗೆ ಇದನ್ನು ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ, ಅಲ್ಲಿ ಅಪಾಯ ಜಾಸ್ತಿ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ತಗೊಳ್ಳುವವರಲ್ಲಿ ತುಂಬಾ ಕಡಿಮೆ. ಹಾಗಾಗಿ ಇಂಪ್ಲಾಂಟ್ ಬೇಡವೇ ಬೇಡ ಅಂತ ಅಲ್ಲ. ಆದರೆ ಡ್ರಿಪ್ ಎಷ್ಟು ವರ್ಷದಿಂದ, ಕೊನೆಯದು ಯಾವ ತಿಂಗಳು, ಜೊತೆಗೆ ಸ್ಟೀರಾಯ್ಡ್ ಮಾತ್ರೆ ಏನಾದರೂ ಇದೆಯಾ ಅನ್ನುವುದನ್ನು ಚೀಟಿ ಸಮೇತ ಹಲ್ಲಿನ ಡಾಕ್ಟರಿಗೆ ಮೊದಲೇ ತೋರಿಸಿ. ಹಲ್ಲಿಗೋಸ್ಕರ ಅಂತ ಅವರಾಗೇ ಔಷಧ ನಿಲ್ಲಿಸುವುದು ಬೇಡ. ಡ್ರಿಪ್ ಅಲ್ಲ, ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮಾಬ್ ಇಂಜೆಕ್ಷನ್ ಆಗಿದ್ದರಂತೂ ಒಂದು ಡೋಸ್ ತಪ್ಪಿದರೂ ಬೆನ್ನುಮೂಳೆ ಮುರಿಯುವ ಭಯ ಇದೆ. ಚೀಟಿಯಲ್ಲಿ ಯಾವ ಹೆಸರಿದೆ ಅಂತ ನೋಡಿ ಬರೆಯಿರಿ, ನಿಮ್ಮ ಎಕ್ಸ್‌ರೇ ಎರಡೂ ಕಳಿಸುವಾಗ ಅದನ್ನೂ ಸೇರಿಸಿ.